ಗಿಳಿಹಸಿರು ತೇಪೆ

ಮಾರ್ಸಿಯಾಲ್ ಸಾಯುವ ಹಿಂದಿನ ದಿನ ನಾವು ಜಗಳವಾಡಿದೆವು. ದೊಡ್ಡ ಜಗಳವೇನಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಶುರುವಾಗಿ ಎಲೆಕೋಸಿನ ಸಾರು ಆರುವ ಮೊದಲು ಮುಗಿಯುವಂಥದ್ದು. ಮದುವೆಯಾಗಿ ಮೂವತ್ತೆಂಟು ವರ್ಷ, ಜಗಳ ಒಂದೇ: ನೇಯುವುದು ದೊಡ್ಡದೋ, ರಫು ಮಾಡುವುದು ದೊಡ್ಡದೋ.

ನಾನು ನೇಯುವವಳು. ಹದಿಮೂರಕ್ಕೆ ಶಾಲೆ ಬಿಟ್ಟು ನಮ್ಮೂರು ಓಬುಸೋನಿನ ಹೊಳೆದಂಡೆಯ ನೇಯ್ಗೆ ಕಾರ್ಖಾನೆಯಲ್ಲಿ ಮಗ್ಗಕ್ಕೆ ಕೂತವಳು, ಮೊಣಕಾಲು ಮಡಚಲಾಗದೆ ಹೋದಾಗಲೇ ಎದ್ದದ್ದು. ಅವನು ರಫು ಮಾಡುವವನು, ಹರಿದ ನೇಯ್ಗೆಗೆ ಸೂಜಿಯಲ್ಲಿ ಎಳೆ ತುಂಬುವವನು. ಹಳೆಯ ಮಹಲುಗಳ ಗೋಡೆಯಿಂದ ಇಳಿದು ಬರುವ ಹಸಿರುಪಟಗಳೇ ಅವನ ಹೊಟ್ಟೆಪಾಡು. ಹಸಿರುಪಟವೆಂದರೆ ಗೋಡೆಯಗಲದ ಉಣ್ಣೆಯ ಕಾಡು. ಮರ, ಮರ, ಇನ್ನೂ ಮರ. ನಡುವೆ ಒಂದು ತೊರೆ, ತೊರೆಯಲ್ಲಿ ಒಂದು ಹಕ್ಕಿ, ದೂರದಲ್ಲಿ ಬೆರಳುದ್ದದ ಕೋಟೆ. ಮನುಷ್ಯರಿಲ್ಲ. ಮನುಷ್ಯರ ಮುಖ ನೇಯುವುದು ಕಷ್ಟ, ಎಲೆ ನೇಯುವುದು ಸುಲಭ ಎಂದು ನಮ್ಮ ಹಿರಿಯರು ಎಲೆಗಳನ್ನೇ ನೇಯ್ದು ಬದುಕಿದರು. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆಗ ಅವನ ಮೇಜಿನ ಮೇಲಿದ್ದದ್ದು ಮದಾಮ್ ದುಪೇರಾ ಅವರ ದೊಡ್ಡ ಹಜಾರದ ಪಟ. ಇನ್ನೂರೈವತ್ತು ವರ್ಷದ್ದು. ಬೆಂಕಿಗೂಡಿನ ಕಿಡಿ ಹಾರಿ, ನಟ್ಟನಡುವಿನ ಮರದ ಮೈಯಲ್ಲಿ ಊಟದ ತಟ್ಟೆಯಷ್ಟು ಅಗಲದ ತೂತು ಬಿದ್ದಿತ್ತು. ಸುಟ್ಟುಹೋದ ಹಾಸಿನ ಎಳೆಗಳನ್ನು ಒಂದೊಂದಾಗಿ ಮತ್ತೆ ಕೂರಿಸುವುದರಲ್ಲೇ ಅವನು ಎರಡು ತಿಂಗಳು ಕಳೆದಿದ್ದ.

"ಎರಡು ತಿಂಗಳು. ಒಂದು ತೂತು. ನಾನಾಗಿದ್ರೆ ಎರಡು ವಾರದಲ್ಲಿ ಮುಗಿಸಿ ಕೈ ತೊಳ್ಕೊಂಡಿರ್ತಿದ್ದೆ," ಎಂದೆ.

"ಮುಗಿಸ್ತಿದ್ದೆ. ಆಮೇಲೆ ಅದನ್ನ ಬಿಚ್ಚೋಕೆ ನನಗೆ ನಾಲ್ಕು ತಿಂಗಳು ಹಿಡೀತಿತ್ತು."

"ಸೂಜಿ ಹಿಡಿದ ಗಂಡಸಿಗೆ ಇಷ್ಟು ಜಂಬ ಬೇರೆ."

"ಲಿಯೋನಿ, ನಿಮ್ಮ ಕಾರ್ಖಾನೆಯವರ ಕಷ್ಟ ಏನು ಗೊತ್ತಾ? ಹುಟ್ಟಿದಾಗಿನಿಂದ ಪಟದ ಬೆನ್ನು ನೋಡ್ಕೊಂಡೇ ಬಂದಿದ್ದೀರಿ. ಅದರ ಮುಖ ನೋಡಿ ಮಾತಾಡಿಸಿ ಅಭ್ಯಾಸ ಇಲ್ಲ."

"ಬೆನ್ನು ಸರಿಯಿದ್ರೆ ಮುಖ ತಾನಾಗೇ ಸರಿ ಇರುತ್ತೆ. ಸಾರು ಕುಡಿ."

ಕುಡಿದ. ಉಪ್ಪು ಜಾಸ್ತಿ ಎಂದ. ಇನ್ನೊಂದು ಬಟ್ಟಲು ಹಾಕಿಸಿಕೊಂಡ. ಅಟ್ಟದ ಮೇಲಿನ ತನ್ನ ಕೋಣೆಗೆ ಹೋದ.

ಮರುದಿನ ಬೆಳಿಗ್ಗೆ ಮಂಚದ ಅಂಚಿಗೆ ಕೂತು ಒಂದು ಬೂಟು ಹಾಕಿಕೊಂಡ. ಇನ್ನೊಂದನ್ನು ಹಾಕಿಕೊಳ್ಳಲಿಲ್ಲ. ಅಷ್ಟೇ.

ಮಣ್ಣು ಮಾಡಿ ಹತ್ತು ದಿನಕ್ಕೆ ಮದಾಮ್ ದುಪೇರಾ ಬಂದರು. ಕಪ್ಪು ಕೈಗವಸು ಹಾಕಿಕೊಂಡಿದ್ದರು. ನನ್ನ ಕೈ ಹಿಡಿದುಕೊಂಡು ಎರಡು ಮಾತು ಒಳ್ಳೆಯದಾಡಿದರು. ಮೂರನೆಯ ಮಾತಿಗೆ ಪಟಕ್ಕೆ ಬಂದರು.

"ಪ್ಯಾರಿಸ್‌ನಲ್ಲಿ ಯಾರೋ ಒಬ್ಬರು ಈ ಕೆಲಸ ಮಾಡ್ತಾರಂತೆ. ಅವರಿಗೆ ಕಳಿಸೋದಾ ಅಂತ."

"ಕಳಿಸಿ. ಮಾರ್ಸಿಯಾಲ್ ಹಿಡಿದ ಕೆಲಸ ಅರ್ಧಕ್ಕೆ ಬಿತ್ತು, ಪ್ಯಾರಿಸ್‌ನವರು ಬಂದು ಎತ್ತಿದ್ರು ಅಂತ ಊರವರು ಆಡ್ಕೊಳ್ಳಲಿ."

"ಮತ್ತೆ ಏನು ಮಾಡೋದು?"

"ನಾನಿಲ್ವಾ?"

"ನಿಮಗೆ ಬರುತ್ತಾ?"

"ಮದಾಮ್, ಈ ಕೈ ನೇಯ್ದಿರೋ ಅಷ್ಟು ಮರ ನಿಮ್ಮ ತೋಟದಲ್ಲಿಲ್ಲ."

ಅವರು ನನ್ನ ಕೈಯನ್ನೇ ನೋಡಿದರು. ಆಮೇಲೆ ಹೇಳಿದರು: ಸೆಪ್ಟೆಂಬರ್ ಎರಡನೆಯ ಶನಿವಾರ ಮಗಳ ಮದುವೆ ಊಟ ಅದೇ ಹಜಾರದಲ್ಲಿ. ಗಂಡಿನ ಕಡೆಯವರು ಆ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಅವರಿಗೆ ಹಳೆಯ ವಸ್ತುಗಳ ಮೇಲೆ ಕಣ್ಣು ಜಾಸ್ತಿ. ರಿಪೇರಿ ಯಾರದ್ದು ಎಂದು ಕೇಳಿಯೇ ಕೇಳುತ್ತಾರೆ.

"ಮಾರ್ಸಿಯಾಲ್‌ದು ಅನ್ನಿ," ಎಂದೆ.

ಹಾಗೆ ಹೇಳಿ ಸತ್ತವನ ಹೆಸರನ್ನು ಒಂದು ತಟ್ಟೆಯಗಲದ ತೂತಿಗೆ ಕಟ್ಟಿಬಿಟ್ಟೆ. ಅವನ ಕೈಯ ಕೊನೆಯ ಕೆಲಸ. ಅದು ಚೆನ್ನಾಗಿದ್ದರೆ ಅವನು ಒಳ್ಳೆಯ ಕೆಲಸಗಾರ, ಇಲ್ಲದಿದ್ದರೆ ಇಲ್ಲ. ಸತ್ತವನಿಗೆ ಇನ್ನೊಂದು ಪಟ ತೋರಿಸಿ ಸರಿ ಮಾಡಿಕೊಳ್ಳಲು ಆಗುವುದಿಲ್ಲ.

ಮರುದಿನವೇ ಪಟವನ್ನು ಚೌಕಟ್ಟಿಗೆ ಬಿಗಿದೆ. ಬೆನ್ನು ಮೇಲಕ್ಕೆ, ಮುಖ ಕೆಳಕ್ಕೆ.

ಇದನ್ನು ಹೇಳಲೇಬೇಕು. ನಮ್ಮೂರ ಮಗ್ಗ ಮಂಚದಂತೆ ಮಲಗಿರುತ್ತದೆ. ನೇಯುವವರು ಅದರ ಮೇಲೆ ಬಗ್ಗಿ ಬೆನ್ನ ಕಡೆಯಿಂದಲೇ ನೇಯುತ್ತೇವೆ. ಪಟದ ಮುಖ ನೆಲವನ್ನು ನೋಡುತ್ತಿರುತ್ತದೆ. ಅನುಮಾನ ಬಂದರೆ ಅಂಗೈಯಗಲದ ಕನ್ನಡಿಯನ್ನು ಎಳೆಗಳ ಅಡಿಗೆ ತೂರಿಸಿ ನೋಡುವುದುಂಟು. ಪೂರ್ತಿ ಮುಖ ಕಾಣುವುದು ಕತ್ತರಿಸುವ ದಿನವೇ. ಅಂದು ಎಲ್ಲರೂ ಸೇರುತ್ತಾರೆ, ವೈನ್ ಬಗ್ಗಿಸುತ್ತಾರೆ, ಎಳೆ ಕತ್ತರಿಸಿ ಪಟ ತಿರುವುತ್ತಾರೆ. ನೇಯ್ದವಳೂ ಆಗಲೇ ಮೊದಲ ಸಲ ನೋಡುವುದು. ಹೆತ್ತವಳು ಮಗುವಿನ ಮುಖ ನೋಡಿದಂತೆ.

ರಫು ಮಾಡುವವರು ಮುಖದ ಕಡೆಯಿಂದ ಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ಮಗ್ಗಕ್ಕೆ ಕೂರಲು ಧೈರ್ಯವಿಲ್ಲದವರ ಚಾಳಿ ಎಂದುಕೊಂಡಿದ್ದೆ.

ಅವನ ಕಪಾಟು ತೆಗೆಯಲು ಮನಸ್ಸಾಗಲಿಲ್ಲ. ನನ್ನ ಪೆಟ್ಟಿಗೆಯಲ್ಲಿದ್ದ ಕಾರ್ಖಾನೆಯ ಉಣ್ಣೆಯನ್ನೇ ತೆಗೆದೆ. ಬೆನ್ನಿನ ಹಸಿರಿಗೆ ಒಂದೊಂದು ಎಳೆ ಹಿಡಿದು ಹೋಲಿಸಿದೆ. ಏಳು ಹಸಿರು ಆರಿಸಿದೆ. ಎಂಥ ಹೋಲಿಕೆ ಎಂದರೆ ಕೆಳಗಿಟ್ಟ ಎಳೆಯನ್ನು ಮತ್ತೆ ಕಂಡುಹಿಡಿಯಲು ನಾನೇ ತಡಕಾಡಬೇಕು. ಹತ್ತೊಂಬತ್ತು ದಿನ ನೇಯ್ದೆ. ಪಕ್ಕದ ಮನೆಯ ಫೆರ್ನಾಂದ್ ದಿನಾ ಬಂದು ನೋಡುತ್ತಿದ್ದಳು.

"ಒಂದ್ಸಲ ಕನ್ನಡಿ ಹಿಡಿದು ನೋಡಬಾರದಾ?"

"ಕನ್ನಡಿ ಹೊಸಬರಿಗೆ."

"ಅಲ್ವೇ, ನೋಡೋದ್ರಲ್ಲಿ ಏನು ಹೋಗುತ್ತೆ?"

"ನಿನ್ನ ಮದುವೇಲಿ ನಿನ್ನ ಗಂಡನ್ನ ಭೂತಗನ್ನಡಿ ಹಿಡಿದು ನೋಡಿದ್ಯಾ?"

"ನೋಡಿದ್ದಿದ್ರೆ ಚೆನ್ನಾಗಿತ್ತು," ಎಂದಳು.

ಮುಗಿದ ದಿನ ನಾನು ಸುಮ್ಮನಿರಲಿಲ್ಲ. ಕತ್ತರಿಸುವ ಹಬ್ಬ ಮಾಡಿದೆ. ತೇಪೆಗೆ ಯಾರೂ ಹಬ್ಬ ಮಾಡುವುದಿಲ್ಲ. ನಾನು ಮಾಡಿದೆ. ಕೆನೆ ಸುರಿದ ಆಲೂಗಡ್ಡೆ ಕಡುಬು, ಹೇಝಲ್ ಕಾಯಿಯ ಕೇಕು, ಎರಡು ಶೀಸೆ ಕೆಂಪು ವೈನ್. ಮಗ್ಗದ ಬೆಂಚಿನ ಹಳೆಯ ಗೆಳತಿಯರು ಬಂದರು. ಫೆರ್ನಾಂದ್ ಬಂದಳು. ಬಣ್ಣಗಾರ ಲೆಯೊನಾರ್ ಬಂದ. ಊರಿನ ಅರ್ಧ ಪಟಗಳ ಉಣ್ಣೆ ಅವನ ಕಡಾಯಿಯಲ್ಲಿ ಕುದ್ದದ್ದೇ, ಮಾರ್ಸಿಯಾಲನ ಗೆಳೆಯ, ವಯಸ್ಸು ಎಪ್ಪತ್ತೆರಡು, ಕೈಗಳು ಇನ್ನೂ ನೀಲಿ.

ನಾನು ಲೋಟ ಎತ್ತಿ ಭಾಷಣವನ್ನೂ ಮಾಡಿದೆ. "ಎರಡು ವಾರ ಅಂದಿದ್ದೆ, ಹತ್ತೊಂಬತ್ತು ದಿನ ಆಯ್ತು. ಐದು ದಿನ ಅಳೋದಕ್ಕೆ ಹೋಯ್ತು ಅಂತ ಇಟ್ಕೊಳ್ಳಿ," ಎಂದೆ. ಎಲ್ಲರೂ ಕಣ್ಣೊರೆಸಿಕೊಂಡರು. ಚೌಕಟ್ಟು ಬಿಚ್ಚಿದೆ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಪಟ ತಿರುವಿದರು.

ಕಡುಬು ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು.

"ಗಟ್ಟಿಯಾಗಿದೆ," ಎಂದಳು ಫೆರ್ನಾಂದ್. "ತುಂಬಾ ಗಟ್ಟಿಯಾಗಿದೆ."

ಲೆಯೊನಾರ್ ಕನ್ನಡಕ ಹಾಕಿಕೊಂಡ. ತೆಗೆದ. ಮತ್ತೆ ಹಾಕಿಕೊಂಡ.

"ಲಿಯೋನಿ, ಆ ಮರದ ಮೇಲೆ ಗಿಳಿ ಬಂದು ಕೂತಿದೆ."

"ಯಾವ ಗಿಳಿ?"

"ತಟ್ಟೆಯಷ್ಟು ದೊಡ್ಡದು."

ಹಸಿರು ಎಂದರೆ ಹಳದಿ ಮತ್ತು ನೀಲಿ. ಬೆಳಕು ಹಳದಿಯನ್ನು ತಿನ್ನುತ್ತದೆ, ನೀಲಿಯನ್ನು ಬಿಡುತ್ತದೆ. ಇನ್ನೂರೈವತ್ತು ವರ್ಷ ಕಿಟಕಿಗೆ ಮುಖ ಕೊಟ್ಟು ನಿಂತ ಕಾಡು ಮಂಜು ಕವಿದಂತೆ ನೀಲಿಬೂದಿಯಾಗಿತ್ತು. ಗೋಡೆಗೆ ಒತ್ತಿಕೊಂಡಿದ್ದ ಬೆನ್ನಿನ ಹಸಿರು ಮಾತ್ರ ಬಣ್ಣ ಹಾಕಿದ ದಿನದಂತೆಯೇ ಉಳಿದಿತ್ತು. ಆ ಬೆನ್ನಿಗೆ ಹೋಲಿಸಿ ನಾನು ಮುಖಕ್ಕೆ ತೇಪೆ ಹಾಕಿದ್ದೆ. ನೀಲಿ ಕಾಡಿನ ನಟ್ಟನಡುವೆ ಗಿಳಿಹಸಿರು ಮುದ್ದೆಯೊಂದು ಕಿರುಚುತ್ತಿತ್ತು.

"ಬೆನ್ನು ನೋಡಿ," ಎಂದೆ. "ಬೆನ್ನ ಕಡೆ ತಿರುಗಿಸಿ ನೋಡಿ."

ತಿರುಗಿಸಿದರು. ತೂತು ಎಲ್ಲಿತ್ತೆಂದು ಇರುವೆಗೂ ಗೊತ್ತಾಗುತ್ತಿರಲಿಲ್ಲ.

"ಬಹಳ ಸೊಗಸು," ಎಂದ ಲೆಯೊನಾರ್. "ಗಂಡಿನ ಕಡೆಯವರನ್ನ ಗೋಡೆಯೊಳಗೆ ಕೂರಿಸಿದ್ರೆ ಆಯ್ತು."

ಆ ದಿನವೇ ಬಿಚ್ಚಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಹಬ್ಬ ಮಾಡಿದವಳು ಬಿಚ್ಚುವುದು ಹೇಗೆ? ಹಸಿರನ್ನು ಮಂಕು ಮಾಡಿದರೆ ಸಾಕು ಎಂದುಕೊಂಡೆ. ಫೆರ್ನಾಂದ್ ಉಪಾಯ ಕೊಟ್ಟಳು.

"ಅಕ್ರೋಟಿನ ಹಸಿ ಸಿಪ್ಪೆ ಕುದಿಸಿದ ನೀರು. ನಮ್ಮತ್ತೆ ಬಿಳಿಗೂದಲಿಗೆ ಹಚ್ಚುತ್ತಿದ್ರು. ಯಾವ ಬಣ್ಣ ಇದ್ರೂ ಮಂಕಾಗುತ್ತೆ."

"ನಿಮ್ಮತ್ತೆ ಕೂದಲು ಏನಾಯ್ತು?"

"ಉದುರಿತು. ಆದ್ರೆ ಕಂದಾಗೇ ಉದುರಿತು."

ಪಟವನ್ನು ಬಾಗಿಲಿನ ಮೇಲಿನ ತೊಲೆಗೆ ನೇತುಹಾಕಿ ಬಟ್ಟೆತುಂಡಿನಿಂದ ಅದ್ದಿ ಅದ್ದಿ ಹಚ್ಚಿದೆ. ಹೊಸ ಉಣ್ಣೆ, ಮೈತುಂಬ ಎಣ್ಣೆಜಿಡ್ಡು. ಒಂದು ಹನಿಯನ್ನೂ ಕುಡಿಯಲಿಲ್ಲ. ನೀರು ಕೆಳಗೆ ಇಳಿಯಿತು. ಮರದ ಬುಡದಲ್ಲಿ ತೊರೆ. ತೊರೆಯಲ್ಲಿ ಒಂದು ಬಿಳಿ ಕೊಕ್ಕರೆ, ಒಂಟಿಕಾಲಲ್ಲಿ, ಇನ್ನೂರೈವತ್ತು ವರ್ಷದ ಬಾಯಾರಿಕೆ ಹೊತ್ತು ನಿಂತಿತ್ತು. ಅದು ಎಲ್ಲವನ್ನೂ ಕುಡಿಯಿತು. ಗಿಳಿ ಗಿಳಿಯಾಗಿಯೇ ಉಳಿಯಿತು. ಕೊಕ್ಕರೆ ಕೋಳಿಯಾಯಿತು.

"ವಿನೆಗರ್," ಎಂದಳು ಫೆರ್ನಾಂದ್.

ವಿನೆಗರ್ ಹಾಕಿ ಕೊಕ್ಕರೆಯನ್ನು ಒರೆಸಿದೆ. ಸ್ವಲ್ಪ ಬಿಟ್ಟಿತು. ಬಿಟ್ಟ ಕಂದು ಅದರ ತಲೆಯ ಸುತ್ತ ಉಂಗುರವಾಗಿ ನಿಂತಿತು, ಚರ್ಚಿನ ಕಿಟಕಿಯ ಸಂತರಿಗೆ ಇರುತ್ತದಲ್ಲ, ಹಾಗೆ. ಇಡೀ ಕಾಡು ಸೌತೆಕಾಯಿ ಉಪ್ಪಿನಕಾಯಿಯ ವಾಸನೆ ಹೊಡೆಯಿತು.

ಉಳಿದದ್ದು ಬಿಸಿಲು. ಪಟವನ್ನು ಹಿತ್ತಿಲಲ್ಲಿ ಹಾಸಿ ಮೇಲೆ ದುಪ್ಪಟಿ ಹೊದಿಸಿ, ತೇಪೆ ಇದ್ದಲ್ಲಿ ಮಾತ್ರ ದುಪ್ಪಟಿಗೆ ತಟ್ಟೆಯಗಲದ ತೂತು ಕತ್ತರಿಸಿದೆ. ಒಳ್ಳೆಯ ದುಪ್ಪಟಿ, ನನ್ನ ಮದುವೆಯದು. ಒಂಬತ್ತು ದಿನದಲ್ಲಿ ಮೂರು ಗಂಟೆ ಬಿಸಿಲು ಬಂತು. ಹತ್ತನೆಯ ದಿನ ಬಂದು ನೋಡಿದರೆ ಫೆರ್ನಾಂದಳ ಕೋಳಿ ತೂತಿನೊಳಗೆ ಕಾಲು ಮಡಚಿ ಕೂತು ನನ್ನ ಹಸಿರನ್ನು ಕುಕ್ಕುತ್ತಿತ್ತು. ಹುಲ್ಲು ಎಂದುಕೊಂಡಿತ್ತು. ನನ್ನ ನೇಯ್ಗೆಯನ್ನು ಮುಖದ ಕಡೆಯಿಂದ ಮೆಚ್ಚಿದ್ದು ಅದೊಂದೇ.

ಕೋಳಿಯನ್ನು ಓಡಿಸಲೂ ಮನಸ್ಸಾಗದೆ ಮೆಟ್ಟಿಲ ಮೇಲೆ ಕೂತೆ. ಜುಲೈ ಕೊನೆ. ಮದುವೆಗೆ ಆರು ವಾರ. ಗಂಡಿನ ಕಡೆಯವರು ಸಾಲಾಗಿ ಕೂತು ಆ ಗಿಳಿಯನ್ನು ನೋಡುವುದು, ಯಾರ ಕೆಲಸ ಎಂದು ಕೇಳುವುದು, ಮದಾಮ್ ಅವನ ಹೆಸರು ಹೇಳುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಲೆಯೊನಾರ್ ಹಿತ್ತಿಲ ಗೇಟು ತೆಗೆದುಕೊಂಡು ಬಂದ.

"ಬಿಚ್ಚು," ಎಂದ.

"ಬಿಚ್ಚಿ ಏನು ತುಂಬಲಿ? ನೀನು ಆ ಬೂದಿಹಸಿರನ್ನ ಕುದಿಸಿಕೊಡ್ತೀಯಾ?"

"ಅದು ಕಡಾಯಿಯಲ್ಲಿ ಬರೋ ಬಣ್ಣ ಅಲ್ಲ ಮಾರಾಯ್ತಿ. ಮಾರ್ಸಿಯಾಲ್‌ದು ಇರಬೇಕಲ್ಲ, ಕಪಾಟಲ್ಲಿ. ಈ ಬಟ್ಟೆ ಕಂಬಿ ಮೇಲೆ ಬೆಳಿಗ್ಗೆ ಎದ್ದು ಉಣ್ಣೆ ಲಡಿ ಲಡಿಯಾಗಿ ಹಾಕ್ತಿದ್ನಲ್ಲ, ಅದು."

"ಅದಾ? ಅದು ಹುಳ ಹಿಡೀಬಾರದು ಅಂತ ಗಾಳಿಗೆ ಹಾಕ್ತಿದ್ದ."

"ಅಂತ ಅವನು ಹೇಳಿದ್ನಾ?"

"ಇಲ್ಲ. ನಾನೇ ಅಂದ್ಕೊಂಡಿದ್ದೆ."

ಲೆಯೊನಾರ್ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತ. "ಮೂವತ್ತು ವರ್ಷ ನನ್ನ ಹತ್ರ ಹೊಸ ಹಸಿರು ತಗೊಂಡು ಹೋಗಿ ಬಿಸಿಲಿಗೆ ಹಾಕಿ ಕೆಡಿಸ್ತಿದ್ದ. ನಾನು ಬಣ್ಣ ಹಾಕೋದು, ಅವನು ತೆಗೆಯೋದು. ಅದರಲ್ಲೇ ಇಬ್ಬರದ್ದೂ ಹೊಟ್ಟೆ ತುಂಬಿತು. ಒಂದೇ ಮನೇಲಿದ್ದೂ ನಿನಗೆ ಗೊತ್ತಿಲ್ವಾ?"

ಅಟ್ಟ ಹತ್ತಿದೆವು. ಕಪಾಟು ಲೆಯೊನಾರನೇ ತೆಗೆದ. ನಾನು ಹಿಂದೆ ನಿಂತೆ. ಲಡಿಗಳು ಸಾಲಾಗಿದ್ದವು. ಮಂಜಿನ ಹಸಿರು, ಹೊಗೆಯ ಹಸಿರು, ಹಳೆಯ ತವರದ ನೀಲಿ. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಎರಡು ಅಂಕಿ, ಒಂದರ ಕೆಳಗೆ ಒಂದು.

"ಇದು ಬೇಸಿಗೆ," ಎಂದ ಲೆಯೊನಾರ್. "ಎಷ್ಟು ಬೇಸಿಗೆ ಬಿಸಿಲಲ್ಲಿತ್ತು ಅಂತ. ಇಲ್ಲಿ ನೋಡು, ಆರು. ಸರಿ. ಕೆಳಗೆ ಮೂರು ಯಾಕೆ?" ಇನ್ನೊಂದು ಎತ್ತಿದ. "ಇದು ಎಂಟು. ಕೆಳಗೆ ನಾಲ್ಕು. ಇದು ಹತ್ತು, ಐದು. ಎಲ್ಲಾ ಅರ್ಧ. ಹತ್ತು ಬೇಸಿಗೆ ಹಾಕಿ ಐದೇ ಅಂತ ಬರೆದಿದ್ದಾನೆ. ಮಿಕ್ಕ ಬಿಸಿಲು ಎಲ್ಲಿಗೆ ಹೋಯ್ತು?"

ನನಗೆ ಗೊತ್ತಿತ್ತು.

ಕಾರ್ಖಾನೆಯಿಂದ ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದೆ. ಬಂದವಳು ಮೊದಲು ಮಾಡುತ್ತಿದ್ದ ಕೆಲಸ ಕಂಬಿಯ ಮೇಲಿನ ಲಡಿಗಳನ್ನು ಬಾಚಿ ಬುಟ್ಟಿಗೆ ತುಂಬಿ ಒಳಗಿಡುವುದು. ಹಿಂದಿನ ಬೀದಿಯಿಂದ ಕಾಣುತ್ತದೆ, ಮನೆ ಬಣ್ಣದ ಅಂಗಡಿಯಂತಿದೆ, ನೋಡಿದವರು ಏನೆಂದಾರು ಎಂದು. ಮೂವತ್ತು ವರ್ಷ. ಅವನು ಅಟ್ಟದಿಂದ ಇಳಿದು ಬಂದು ಖಾಲಿ ಕಂಬಿಯನ್ನೊಮ್ಮೆ ನೋಡಿ ಸಾರಿನ ಮುಂದೆ ಕೂರುತ್ತಿದ್ದ. ಮರುದಿನ ಬೆಳಿಗ್ಗೆ ಮತ್ತೆ ಹಾಕುತ್ತಿದ್ದ. ದಿನಕ್ಕೆ ಅರ್ಧ ಬಿಸಿಲು. ಎರಡು ಬೇಸಿಗೆಗೆ ಒಂದು.

ಲೆಯೊನಾರನಿಗೆ ಹೇಳಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಒಂದು ಮಾತು ಹೇಳಬಹುದಿತ್ತಲ್ಲ ಅವನು," ಎಂದೆ.

"ಹೇಳಿದ್ರೆ ಕೇಳ್ತಿದ್ಯಾ?"

ಯೋಚಿಸಿದೆ. "ಇಲ್ಲ."

"ಮತ್ತೆ. ನಿನ್ನ ಜೊತೆ ವಾದ ಮಾಡೋದಕ್ಕಿಂತ ಇನ್ನೊಂದು ಬೇಸಿಗೆ ಕಾಯೋದು ಸುಲಭ ಅನ್ನಿಸಿರಬೇಕು."

ಬಿಚ್ಚಲು ಎಂಟು ದಿನ ಹಿಡಿಯಿತು. ನನ್ನ ಬೆನ್ನು ಅಷ್ಟು ಚೆನ್ನಾಗಿತ್ತು. ಬಿಚ್ಚುವಾಗ ಯಾವುದು ಹಳೆಯದು ಯಾವುದು ನನ್ನದು ಎಂದೇ ತಿಳಿಯದು. ಆಮೇಲೆ ಪಟವನ್ನು ಮುಖ ಮೇಲೆ ಮಾಡಿ ಬಿಗಿದು, ಅವನ ಕುರ್ಚಿಯಲ್ಲಿ ಕೂತು, ಅವನ ಸೂಜಿ ಹಿಡಿದೆ. ಮೂವತ್ತೊಂದು ದಿನ. ಮೂರು ಹೊಲಿಗೆ ಹಾಕಿ ದೂರ ಹೋಗಿ ನೋಡುವುದು, ಎರಡನ್ನು ಬಿಚ್ಚುವುದು. ಮದುವೆಯಾದಾಗಿನಿಂದ ಸೂಜಿಯವರ ಬಗ್ಗೆ ಆಡಿದ್ದನ್ನೆಲ್ಲ ಆ ಕುರ್ಚಿಯಲ್ಲಿ ಕೂತು ಒಂದೊಂದಾಗಿ ನುಂಗಿದೆ. ಉಪ್ಪು ಜಾಸ್ತಿಯೇ ಇತ್ತು. ಕೊನೆಯ ಎಲೆ ಮುಗಿದಾಗ ಅವನ ಬೂದಿಹಸಿರಿನಲ್ಲಿ ಅಂಗೈಯುದ್ದದ ಎಳೆಯೊಂದೇ ಉಳಿದಿತ್ತು. ಹಬ್ಬ ಮಾಡಲಿಲ್ಲ.

ಮದಾಮ್ ದುಪೇರಾ ಗುರುವಾರ ಬಂದರು. ಲೆಯೊನಾರ್ ಪಟವನ್ನು ಗೋಡೆಗೆ ನೇತುಹಾಕಿಕೊಟ್ಟ. ಅವರು ಹತ್ತಿರ ಹೋದರು, ದೂರ ಬಂದರು, ಮತ್ತೆ ಹತ್ತಿರ ಹೋದರು.

"ತೂತು ಎಲ್ಲಿತ್ತು?"

"ನೀವೇ ಹೇಳಿ, ಮದಾಮ್."

ಬಹಳ ಹೊತ್ತು ಹುಡುಕಿ ಕೊನೆಗೆ ಬಲಗಡೆಯ ಓಕ್ ಮರದ ಮೇಲೆ ಬೆರಳಿಟ್ಟರು. "ಇಲ್ಲಿ. ಇಲ್ಲಿ ಸ್ವಲ್ಪ ಒರಟಾಗಿದೆ."

ಅದು ಇನ್ನೂರೈವತ್ತು ವರ್ಷದ ಹಿಂದೆ ನಮ್ಮ ಹಿರಿಯರಲ್ಲಿ ಯಾರೋ ನೇಯ್ದದ್ದು. "ಹೌದು ಮದಾಮ್, ಕ್ಷಮಿಸಿ," ಎಂದೆ.

"ಪರವಾಗಿಲ್ಲ, ದೂರಕ್ಕೆ ಕಾಣಲ್ಲ. ಈ ಕೊಕ್ಕರೆ ಬೆಳ್ಳಗಿತ್ತಲ್ವಾ?"

ಲೆಯೊನಾರ್ ಮುಖ ಗಂಭೀರ ಮಾಡಿಕೊಂಡು ಹೇಳಿದ: "ಅಷ್ಟು ವರ್ಷದಿಂದ ಕೆಸರಲ್ಲಿ ನಿಂತಿದೆ ಮದಾಮ್. ಬೆಳ್ಳಗೆ ಹೇಗೆ ಉಳಿಯುತ್ತೆ?"

ಅವರು ತಲೆಯಾಡಿಸಿದರು. ಕೈಗವಸು ಹಾಕಿಕೊಂಡರು. ಬಾಗಿಲ ಬಳಿ ನಿಂತು ನನ್ನ ತೋಳು ಮುಟ್ಟಿದರು.

"ಕೋಪ ಮಾಡ್ಕೋಬೇಡಿ. ನೀವು ಮುಗಿಸ್ತೀನಿ ಅಂದಾಗ ನನಗೆ ಭಯ ಆಗಿತ್ತು. ಇದು ನೋಡಿದ್ರೆ ಗೊತ್ತಾಗುತ್ತೆ, ನಿಮ್ಮ ಯಜಮಾನರೇ ಮುಗಿಸಿಟ್ಟು ಹೋಗಿದ್ದಾರೆ. ಆ ಕೈಯೇ ಬೇರೆ. ನೀವು ಮುಟ್ಟದೆ ಹಾಗೇ ಜೋಪಾನವಾಗಿಟ್ಟಿದ್ದೇ ದೊಡ್ಡ ಉಪಕಾರ."

ಲೆಯೊನಾರ್ ಬಾಯಿ ತೆಗೆದ. ನಾನು ಅವನ ಕಾಲು ತುಳಿದೆ.

"ಹೌದು ಮದಾಮ್," ಎಂದೆ. "ಅವನೇ ಮುಗಿಸಿದ್ದು. ನಾನು ಮುಟ್ಟಲಿಲ್ಲ."

ಆ ವರ್ಷ ಲೆಯೊನಾರ್ ಹನ್ನೊಂದು ಲಡಿ ಹೊಸ ಹಸಿರು ತಂದುಕೊಟ್ಟ. ಅಪ್ಪಟ ಗಿಳಿಹಸಿರು. ಬೆಳಿಗ್ಗೆ ಕಾಫಿಗೆ ಮೊದಲು ಹಿತ್ತಿಲ ಕಂಬಿಯ ಮೇಲೆ ಅವನ್ನು ಹರವುತ್ತೇನೆ, ಒಂದರ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ. ಫೆರ್ನಾಂದ್ ಬೇಲಿಯಾಚೆಯಿಂದ, "ಇದೇನೇ, ಮನೆ ಬಣ್ಣದ ಅಂಗಡಿ ಆಗಿದೆ," ಎನ್ನುತ್ತಾಳೆ. ಆಗಲಿ ಎನ್ನುತ್ತೇನೆ. ಮಧ್ಯಾಹ್ನ ಊಟ ಮಾಡಿ ಹಿತ್ತಿಲ ಕಡೆ ತಲೆ ಹಾಕದೆ ಕೂರುತ್ತೇನೆ. ಬಿಸಿಲು ಪೂರ್ತಿ ಇಳಿದ ಮೇಲೆ ಒಳಗೆ ತರುತ್ತೇನೆ. ಬೆಳಿಗ್ಗೆ ಎದ್ದು ಮತ್ತೆ ಹಾಕುತ್ತೇನೆ.